ನೀರುಗಂಟಿಯ ಬೆನ್ನಿಗೆ ಯಾರು?

ಊರಿಂದ ಅಮ್ಮ ವಿನಿಪೆಗ್‌ಗೆ ಬಂದ ಮೊದಲ ವಾರ, ದಿನಾ ಬೆಳಿಗ್ಗೆ ಎದ್ದ ಕೂಡಲೇ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸುತ್ತಿದ್ದರು. ಆರಿದ ಮೇಲೆ ಬಿಳಿ ಬಟ್ಟೆಯಲ್ಲಿ ಸೋಸಿ ತುಂಬಿಡುತ್ತಿದ್ದರು. ಇಲ್ಲಿ ಅದೆಲ್ಲ ಬೇಡಮ್ಮ, ನಲ್ಲಿ ನೀರನ್ನೇ ಕುಡಿಯಬಹುದು ಅಂದೆ. ಲೋಟಕ್ಕೆ ಹಿಡಿದು, ಕಿಟಕಿಯ ಬೆಳಕಿಗೆ ಎತ್ತಿ ನೋಡಿದರು. ಒಂದು ಗುಟುಕು ಕುಡಿದು, "ಚೆನ್ನಾಗಿದೆ ಕಣೇ. ಎಲ್ಲಿಂದ ಬರುತ್ತೆ ಇದು?" ಅಂದರು.

ವಿನಿಪೆಗ್‌ನಲ್ಲಿ ಇರುವ ನಾವೆಲ್ಲ ಕುಡಿಯುವ ನೀರು ಬರುವುದು ಶೋಲ್ ಲೇಕ್ ಎಂಬ ಸರೋವರದಿಂದ. ನಗರದಿಂದ ಸುಮಾರು 150 ಕಿಲೋಮೀಟರ್ ಪೂರ್ವಕ್ಕೆ, ಮ್ಯಾನಿಟೋಬಾ ಮತ್ತು ಒಂಟಾರಿಯೋ ಪ್ರಾಂತ್ಯಗಳ ಗಡಿಯಲ್ಲಿದೆ. 1919ರಲ್ಲಿ ಮುಗಿದ ಕಾಂಕ್ರೀಟ್ ಕಾಲುವೆಯಲ್ಲಿ ನೀರು ಇಳಿಜಾರಿನ ಬಲದಿಂದಲೇ ಹರಿದು ಬರುತ್ತದೆ. ಅದೇ ಸರೋವರದ ದಂಡೆಯಲ್ಲಿ ಶೋಲ್ ಲೇಕ್ 40 ಎಂಬ, ಅನಿಶಿನಾಬೆ ಎಂಬ ಮೂಲನಿವಾಸಿ ಜನರ ಊರಿದೆ. ಕಾಲುವೆ ಕಟ್ಟುವಾಗ ಅವರ ಜಮೀನನ್ನು ನಗರಕ್ಕೆ ತೆಗೆದುಕೊಂಡರು. ಹತ್ತಿರದ ನದಿಯೊಂದರ ಕಂದು ನೀರು ನಗರದ ಕಡೆ ಬರಬಾರದೆಂದು ಒಡ್ಡು ಕಟ್ಟಿ, ನಾಲೆ ತೋಡಿ, ಅದನ್ನು ಈ ಊರಿನ ಕಡೆಯ ಕೊಲ್ಲಿಗೆ ತಿರುಗಿಸಿದರು. ಆ ನಾಲೆಯಿಂದ ಊರೇ ದ್ವೀಪವಾಯಿತು. ಹೊರಜಗತ್ತಿಗೆ ಸೇರುವ ರಸ್ತೆ ಬಂದದ್ದು 2019ರಲ್ಲಿ. ಕುಡಿಯುವ ನೀರಿನ ಮಾತು ಇನ್ನೂ ಕಷ್ಟದ್ದು. 1997ರಿಂದ 2021ರವರೆಗೆ ಆ ಊರಿನ ಮೇಲೆ "ನೀರನ್ನು ಕುದಿಸದೆ ಕುಡಿಯಬೇಡಿ" ಎಂಬ ಎಚ್ಚರಿಕೆ ಇತ್ತು.

"ಇಪ್ಪತ್ನಾಲ್ಕು ವರ್ಷ?" ಅಂದರು ಅಮ್ಮ. "ಅವರ ಕೆರೆಯ ನೀರು ನಮ್ಮ ನಲ್ಲಿಗೆ ಬರುತ್ತೆ. ಅವರಿಗೆ ಬಾಟಲಿ ನೀರಾ?"

ಹೌದು, ಬಾಟಲಿ ನೀರು. ಇದು ಒಂದು ಊರಿನ ಕತೆ ಆಗಿದ್ದರೆ ಯಾರದೋ ತಪ್ಪು ಅಂತ ಬಿಡಬಹುದಿತ್ತು. ಕೆನಡಾದಲ್ಲಿ ಫಸ್ಟ್ ನೇಷನ್ಸ್ ಎಂದು ಕರೆಯುವ ಮೂಲನಿವಾಸಿ ಸಮುದಾಯಗಳು 600ಕ್ಕೂ ಜಾಸ್ತಿ ಇವೆ. 2015ರ ನವೆಂಬರ್‌ನಿಂದ ಐದು ವರ್ಷದ ಲೆಕ್ಕ ತೆಗೆದರೆ, ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇದ್ದ ಇಂಥ ಎಚ್ಚರಿಕೆಗಳು ಒಟ್ಟು 160. ಅದರಲ್ಲಿ 100 ತೆರವಾಗಿದ್ದವು, 60 ಉಳಿದಿದ್ದವು. ಉಳಿದವುಗಳಲ್ಲಿ ಅರ್ಧದಷ್ಟು ಹತ್ತು ವರ್ಷಕ್ಕಿಂತ ಹಳೆಯವು. ಇದು 2021ರಲ್ಲಿ ದೇಶದ ಮಹಾಲೆಕ್ಕಪರಿಶೋಧಕರೇ ಸಂಸತ್ತಿನ ಮುಂದೆ ಇಟ್ಟ ಲೆಕ್ಕ.

ಇಷ್ಟು ದುಡ್ಡಿರುವ ದೇಶ, ಇಷ್ಟು ಸಿಹಿನೀರಿರುವ ದೇಶ. ಆದರೂ ಯಾಕೆ ಹೀಗೆ? ಅನ್ಯಾಯದ ಇತಿಹಾಸ ಒಂದು ಉತ್ತರ, ಅದು ನಿಜವೂ ಹೌದು. ಆದರೆ ದಿನನಿತ್ಯದ ಮಟ್ಟದಲ್ಲಿ ನೀರು ಯಾಕೆ ಕೆಡುತ್ತದೆ, ಹೇಗೆ ಸರಿಯಾಗುತ್ತದೆ ಎಂದು ನೋಡಿದರೆ ಇನ್ನೊಂದು ಉತ್ತರ ಸಿಗುತ್ತದೆ. ನಾನು ಹೇಳಬೇಕೆಂದಿರುವುದು ಅದನ್ನು. ನೀರನ್ನು ಶುದ್ಧವಾಗಿಡುವುದು ಒಬ್ಬ ಮನುಷ್ಯ. ಆ ಮನುಷ್ಯನ ಬೆನ್ನಿಗೆ ಯಾರಿದ್ದಾರೆ ಎನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಘಟಕದ ಒಳಗೆ ಒಂದು ಬೆಳಿಗ್ಗೆ

ನಮ್ಮ ಕಡೆ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವವನಿಗೆ ನೀರುಗಂಟಿ ಅನ್ನುತ್ತೇವಲ್ಲ, ಇಲ್ಲಿ ಆ ಜಾಗದಲ್ಲಿರುವವರು ವಾಟರ್ ಪ್ಲಾಂಟ್ ಆಪರೇಟರ್. ನಾನು ಅವರನ್ನೂ ನೀರುಗಂಟಿ ಎಂದೇ ಕರೆಯುತ್ತೇನೆ. ಊರಿನ ನಂಬಿಕೆ ಹೊತ್ತ ಕೆಲಸ ಎಂಬ ಭಾವ ಆ ಪದದಲ್ಲಿದೆ.

ಉತ್ತರ ಒಂಟಾರಿಯೋದ ಒಂದು ಸಣ್ಣ ಊರು ಅಂದುಕೊಳ್ಳಿ. ಮುನ್ನೂರು ನಾನೂರು ಜನ. ರಸ್ತೆ ಇಲ್ಲ. ವಿಮಾನದಲ್ಲೇ ಹೋಗಬೇಕು, ಇಲ್ಲವೇ ಚಳಿಗಾಲದಲ್ಲಿ ಸರೋವರ, ಜೌಗು ಎಲ್ಲ ಹೆಪ್ಪುಗಟ್ಟಿದಾಗ ಕೆಲವು ವಾರ ಮಾತ್ರ ತೆರೆಯುವ ಹಿಮದ ರಸ್ತೆಯಲ್ಲಿ ಹೋಗಬೇಕು. ಸರೋವರದ ನೀರು ತೆಳು ಚಹಾದ ಬಣ್ಣ. ಸುತ್ತಲಿನ ಜೌಗಿನಲ್ಲಿ ಕೊಳೆತ ಎಲೆ, ಪಾಚಿಯ ಸತ್ವ ಅದರಲ್ಲಿ ಬೆರೆತಿರುತ್ತದೆ.

ನೀರುಗಂಟಿ ಬೆಳಿಗ್ಗೆ ಬೀಗ ತೆಗೆದು ಒಳಗೆ ಹೋದ ಕೂಡಲೇ ಮೊದಲು ನೋಡುವುದು ಎರಡು ಅಂಕಿ. ನೀರು ಎಷ್ಟು ಮಬ್ಬಾಗಿದೆ, ಕ್ಲೋರಿನ್ ಎಷ್ಟು ಉಳಿದಿದೆ. ಮೀಟರ್ ಹೇಳಿದ್ದನ್ನು ಸುಮ್ನೆ ನಂಬುವ ಹಾಗಿಲ್ಲ. ಹತ್ತು ಮಿಲಿಲೀಟರ್ ಹಿಡಿಯುವ ಗಾಜಿನ ಪುಟ್ಟ ಶೀಶೆಗೆ ನೀರು ಹಿಡಿದು, ಪೊಟ್ಟಣದ ಪುಡಿ ಸುರಿದು, ಮುಚ್ಚಿ ಅಲುಗಿಸುತ್ತಾರೆ. ಕ್ಲೋರಿನ್ ಇದ್ದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಗಾಢವಾದಷ್ಟೂ ಕ್ಲೋರಿನ್ ಜಾಸ್ತಿ. ಬಣ್ಣವೇ ಬರಲಿಲ್ಲ ಅಂದರೆ ಅವತ್ತು ಊರು ಅಪಾಯದಲ್ಲಿದೆ.

ಕ್ಲೋರಿನ್ ಹಾಕಿದರೆ ಆಯ್ತಲ್ಲ, ಅದರಲ್ಲೇನು ಕಷ್ಟ ಅನ್ನಿಸಬಹುದು. ಕಷ್ಟ ಇರುವುದೇ ಅಲ್ಲಿ. ಕ್ಲೋರಿನ್ ಕಡಿಮೆಯಾದರೆ ರೋಗಾಣು ಉಳಿಯುತ್ತದೆ. ಹಾಗಂತ ಕಂದು ನೀರಿಗೆ ಕ್ಲೋರಿನ್ ಸುರಿದರೆ, ಅದು ಕೊಳೆತ ಎಲೆಯ ಸತ್ವದ ಜೊತೆ ಸೇರಿ ಟ್ರೈಹ್ಯಾಲೋಮೀಥೇನ್ ಎಂಬ ರಾಸಾಯನಿಕಗಳಾಗುತ್ತದೆ. ಅವು ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಒಳ್ಳೆಯದಲ್ಲ. ಕುದಿಸಿದರೆ ರೋಗಾಣು ಸಾಯುತ್ತದೆ, ಆದರೆ ಆರ್ಸೆನಿಕ್, ಯುರೇನಿಯಂನಂಥವು ಹೋಗುವುದಿಲ್ಲ. ಅದಕ್ಕೇ ಎಚ್ಚರಿಕೆಯಲ್ಲಿ ಮೂರು ಬಗೆ ಇವೆ: ಕುದಿಸಿ ಕುಡಿಯಿರಿ, ಕುಡಿಯಲೇಬೇಡಿ, ಮುಟ್ಟಲೇಬೇಡಿ.

ಹಾಗಾಗಿ ಕ್ಲೋರಿನ್ ಹಾಕುವ ಮೊದಲೇ ಆ ಕಂದು ಬಣ್ಣವನ್ನು ತೆಗೆಯಬೇಕು. ಪಟಿಕದ ಜಾತಿಯ ರಾಸಾಯನಿಕ ಹಾಕಿದರೆ ಕೊಳೆ ಹತ್ತಿಯ ಉಂಡೆಯ ಹಾಗೆ ಒಟ್ಟುಗೂಡಿ ತಳಕ್ಕೆ ಕೂರುತ್ತದೆ. ಹಳ್ಳಿಯಲ್ಲಿ ಪ್ರವಾಹದ ಕೆಂಪು ನೀರಿಗೆ ಪಟಿಕ ತಿರುಗಿಸುವುದನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ. ಆದರೆ ಎಷ್ಟು ಹಾಕಬೇಕು? ನೀರುಗಂಟಿ ಆರು ಗಾಜಿನ ಪಾತ್ರೆ ಸಾಲಾಗಿ ಇಟ್ಟು, ಒಂದೊಂದಕ್ಕೂ ಬೇರೆ ಬೇರೆ ಪ್ರಮಾಣ ಹಾಕಿ, ಕದಡಿ, ಕಾಯುತ್ತಾರೆ. ಯಾವುದರಲ್ಲಿ ಕೊಳೆ ಚೆನ್ನಾಗಿ ತಳಕ್ಕಿಳಿಯಿತೋ ಅದೇ ಅವತ್ತಿನ ಲೆಕ್ಕ. ವಸಂತದಲ್ಲಿ ಹಿಮ ಕರಗಿ ಸರೋವರಕ್ಕೆ ಇಳಿದಾಗ ಈ ಲೆಕ್ಕ ಒಂದೇ ದಿನದಲ್ಲಿ ತಲೆಕೆಳಗಾಗಬಹುದು. ಆಮೇಲೆ ಮರಳಿನ ಸೋಸುವಿಕೆ, ಆಮೇಲೆ ಕ್ಲೋರಿನ್. ಕ್ಲೋರಿನ್‌ಗೂ ಬಗ್ಗದ ಕ್ರಿಪ್ಟೋಸ್ಪೊರಿಡಿಯಂನಂಥ ಜೀವಿಗಳಿಗೆ ಅಲ್ಟ್ರಾವಯಲೆಟ್ ದೀಪ.

ಇಷ್ಟನ್ನೂ ಮಾಡುವವರು ಎಷ್ಟು ಜನ? ಬಹಳ ಕಡೆ ಒಬ್ಬರೇ. ಹೆಚ್ಚೆಂದರೆ ಇಬ್ಬರು.

ಒಬ್ಬರೇ ಇದ್ದರೆ ಏನಾಗುತ್ತದೆ

ಆ ಒಬ್ಬರಿಗೆ ಜ್ವರ ಬಂತು ಅಂದುಕೊಳ್ಳಿ. ಅಥವಾ ಅವರ ಮನೆಯಲ್ಲಿ ಯಾರೋ ತೀರಿಕೊಂಡರು. ಘಟಕ ನಡೆಸುವವರು ಯಾರು? ಆಪರೇಟರ್‌ಗೆ ಪ್ರಮಾಣಪತ್ರ ಬೇಕು. ಘಟಕದ ಜಟಿಲತೆಗೆ ತಕ್ಕಂತೆ ಒಂದರಿಂದ ನಾಲ್ಕರವರೆಗೆ ದರ್ಜೆಗಳಿವೆ. ಪ್ರತಿ ದರ್ಜೆಗೂ ಪರೀಕ್ಷೆ, ಅನುಭವದ ಗಂಟೆಗಳು, ಆಮೇಲೂ ಆಗಾಗ ತರಬೇತಿ. ತರಬೇತಿ ಇರುವುದು ದೂರದ ಪಟ್ಟಣದಲ್ಲಿ. ನೀರುಗಂಟಿ ಕಲಿಯಲು ಹೋದ ವಾರ ಊರಿನ ನೀರನ್ನು ನೋಡಿಕೊಳ್ಳುವವರು ಇಲ್ಲ. ಹೋಗದಿದ್ದರೆ ಪ್ರಮಾಣಪತ್ರ ಇಲ್ಲ.

ಕಷ್ಟಪಟ್ಟು ಕಲಿತರೂ ಇನ್ನೊಂದು ತೊಂದರೆ ಕಾದಿರುತ್ತದೆ. 2021ರ ಅದೇ ಲೆಕ್ಕಪರಿಶೋಧನೆ ಹೇಳಿದ ಪ್ರಕಾರ, ಫಸ್ಟ್ ನೇಷನ್ಸ್ ಊರುಗಳ ಆಪರೇಟರ್‌ಗಳ ಸಂಬಳ ಬೇರೆ ಕಡೆಗಿಂತ ಸುಮಾರು 30% ಕಡಿಮೆ. ಪ್ರಮಾಣಪತ್ರ ಕೈಗೆ ಬಂದವರನ್ನು ಪಕ್ಕದ ಪಟ್ಟಣ ಕರೆದರೆ ಹೋಗಬೇಡಿ ಅನ್ನುವುದು ಹೇಗೆ? ಮನೆ ನಡೆಸಬೇಕಲ್ವಾ? ಘಟಕ ನಡೆಸುವ ಖರ್ಚನ್ನು ಲೆಕ್ಕ ಹಾಕಲು ಸರ್ಕಾರ ಬಳಸುತ್ತಿದ್ದ ಸೂತ್ರ 1987ರದ್ದು. ಆ ಲೆಕ್ಕದಲ್ಲೂ 80% ಮಾತ್ರ ಕೊಟ್ಟು, ಉಳಿದದ್ದನ್ನು ಊರೇ ಹೊಂದಿಸಿಕೊಳ್ಳಲಿ ಎಂದಿತ್ತು. ಅದನ್ನು ಪೂರ್ತಿ ಕೊಡುತ್ತೇವೆ ಎಂದು ಸರ್ಕಾರ ಒಪ್ಪಿಕೊಂಡದ್ದು 2020ರಲ್ಲಿ. ಕಟ್ಟಡ ಕಟ್ಟಲು ದುಡ್ಡು ಸಿಗುತ್ತದೆ, ರಿಬ್ಬನ್ ಕತ್ತರಿಸುವ ಫೋಟೋ ಬರುತ್ತದೆ. ಮೂರು ವರ್ಷದ ಮೇಲೆ ಪಂಪಿನ ರಬ್ಬರ್ ಬಿರುಕು ಬಿಟ್ಟಾಗ ಬದಲಿಸಲು ದುಡ್ಡಿಲ್ಲ. ಭಾಗ ವಿಮಾನದಲ್ಲಿ ಬರಬೇಕು, ಹಾಕಲು ಗೊತ್ತಿರುವವರೂ ವಿಮಾನದಲ್ಲೇ ಬರಬೇಕು.

2005ರಲ್ಲಿ ಉತ್ತರ ಒಂಟಾರಿಯೋದ ಕ್ಯಾಶೆಚೆವಾನ್‌ನಲ್ಲಿ ಇದು ಇಡೀ ದೇಶದ ಕಣ್ಣಿಗೆ ಬಿತ್ತು. ಅಲ್ಲಿ ಕೊಳಚೆ ಹೊಂಡದ ಕೆಳಹರಿವಿನಲ್ಲಿ ಕುಡಿಯುವ ನೀರು ಎತ್ತುವ ಜಾಗ ಇತ್ತು. ನೀರಿನಲ್ಲಿ ಇ-ಕೋಲೈ ಎಂಬ, ಮಲದಿಂದ ಬರುವ ಬ್ಯಾಕ್ಟೀರಿಯಾ ಸಿಕ್ಕಿತು. ನೂರಾರು ಜನರನ್ನು ವಿಮಾನದಲ್ಲಿ ಊರಿಂದ ಹೊರಗೆ ಸಾಗಿಸಬೇಕಾಯಿತು.

ಇಂಥದ್ದು ಮೂಲನಿವಾಸಿಗಳ ಊರಿನಲ್ಲಿ ಮಾತ್ರ ಆಗುತ್ತದೆ ಅಂತಲ್ಲ. 2000ದ ಮೇ ತಿಂಗಳಲ್ಲಿ ಒಂಟಾರಿಯೋದ ವಾಕರ್ಟನ್ ಎಂಬ ಪಟ್ಟಣದಲ್ಲಿ ಜೋರು ಮಳೆಗೆ ಸಗಣಿ ನೀರು ಕೊಳವೆಬಾವಿಗೆ ಇಳಿಯಿತು. 7 ಜನ ಸತ್ತರು. 2,300ರಷ್ಟು ಜನ ಕಾಯಿಲೆ ಬಿದ್ದರು. ಅಲ್ಲಿ ನೀರು ನೋಡಿಕೊಳ್ಳುತ್ತಿದ್ದವರಿಗೆ ಸರಿಯಾದ ತರಬೇತಿ ಇರಲಿಲ್ಲ, ಕ್ಲೋರಿನ್ ಅಂಕಿಗಳನ್ನು ಅಳೆಯದೆಯೇ ಬರೆದಿದ್ದರು. ವಿಚಾರಣೆ ನಡೆಯಿತು, 2002ರಲ್ಲಿ ಪ್ರಾಂತ್ಯ ಗಟ್ಟಿ ಕಾನೂನು ತಂದಿತು, ಆಪರೇಟರ್‌ಗಳಿಗೆ ತರಬೇತಿ ಕೇಂದ್ರವನ್ನೇ ತೆರೆಯಿತು. ಒಂದು ದುರಂತದಿಂದ ಒಂದು ಪ್ರಾಂತ್ಯ ಪಾಠ ಕಲಿಯಿತು. ಆದರೆ ಫಸ್ಟ್ ನೇಷನ್ಸ್ ಜನರ ರಿಸರ್ವ್‌ಗಳು, ಅಂದರೆ ಅವರಿಗೆಂದು ಮೀಸಲಿಟ್ಟ ಜಾಗಗಳು, ಕೇಂದ್ರ ಸರ್ಕಾರದ ಹೊಣೆ. ಪ್ರಾಂತ್ಯದ ಈ ಕಾನೂನು ಅಲ್ಲಿಗೆ ಅನ್ವಯಿಸುವುದಿಲ್ಲ. ಕೇಂದ್ರದಲ್ಲಿ ಅದಕ್ಕೆ ಸಮನಾದ ಕಾನೂನು ಇರಲಿಲ್ಲ. 2013ರಲ್ಲಿ ಒಂದು ಬಂತು, ಸಾಕಷ್ಟು ದುಡ್ಡು ಕೊಡದೆ ಹೊಣೆ ಮಾತ್ರ ಹೊರಿಸುತ್ತದೆ ಎಂದು ಸಮುದಾಯಗಳು ವಿರೋಧಿಸಿದವು, 2022ರಲ್ಲಿ ಅದು ರದ್ದಾಯಿತು.

ಊರೂರು ತಿರುಗುವ ಮೇಷ್ಟ್ರು

ಈ ಒಂಟಿತನಕ್ಕೆ ಸಿಕ್ಕಿರುವ ಅತ್ಯಂತ ಸರಳ ಉತ್ತರದ ಹೆಸರು ಸರ್ಕ್ಯೂಟ್ ರೈಡರ್. ಹಿಂದೆ ಕುದುರೆ ಏರಿ ಒಂದೂರಿಂದ ಇನ್ನೊಂದೂರಿಗೆ ಹೋಗುತ್ತಿದ್ದ ಪಾದ್ರಿಗಳಿಗೆ, ನ್ಯಾಯಾಧೀಶರಿಗೆ ಈ ಹೆಸರಿತ್ತು. ಈಗ ನೀರಿನ ಅನುಭವ ಇರುವ ತರಬೇತುದಾರರಿಗೆ ಇದೇ ಹೆಸರು. ಒಂದು ಪ್ರದೇಶದ ಕೆಲವು ಊರುಗಳನ್ನು ಒಬ್ಬರಿಗೆ ವಹಿಸುತ್ತಾರೆ. ಅವರು ಸರದಿಯ ಮೇಲೆ ಆ ಊರುಗಳಿಗೆ ಹೋಗುತ್ತಾರೆ, ನೀರುಗಂಟಿಯ ಪಕ್ಕ ನಿಂತು ಕೆಲಸ ಮಾಡುತ್ತಾರೆ, ಮತ್ತೆ ಬರುತ್ತಾರೆ.

ಇದರ ಚೆಲುವು ಎಲ್ಲಿದೆ ಅಂದರೆ, ಪಾಠ ನಡೆಯುವುದು ನೀರುಗಂಟಿಯ ಸ್ವಂತ ಯಂತ್ರದ ಮೇಲೆ. ತರಗತಿಯಲ್ಲಿ ತೋರಿಸುವ ಪಂಪ್ ಒಂದು ಬಗೆ, ಊರಿನ ಪಂಪ್ ಇನ್ನೊಂದು ಬಗೆ. ಈ ವಾಲ್ವ್ ಸ್ವಲ್ಪ ಬಿಗಿ, ಆ ಮೀಟರ್ ಚಳಿಗೆ ತಪ್ಪು ತೋರಿಸುತ್ತದೆ ಎಂಬಂಥ ವಿಷಯ ಪುಸ್ತಕದಲ್ಲಿ ಇರುವುದಿಲ್ಲ. ಸರ್ಕ್ಯೂಟ್ ರೈಡರ್‌ಗೆ ಅವೂ ಗೊತ್ತಿರುತ್ತವೆ, ಏಕೆಂದರೆ ಹೋದ ಸಲ ಬಂದಾಗ ಅವರೇ ಬಿಚ್ಚಿ ನೋಡಿರುತ್ತಾರೆ. ಪರೀಕ್ಷೆಗೆ ಓದಿಸುವುದೂ ಅವರೇ. ರಾತ್ರಿ ಎರಡು ಗಂಟೆಗೆ ಅಲಾರಂ ಕೂಗಿದಾಗ ಫೋನ್ ಮಾಡಲು ಒಂದು ನಂಬರ್ ಇರುತ್ತದೆ. ಅತ್ತ ಕಡೆ ಎತ್ತುವವರಿಗೆ ಈ ಊರಿನ ಘಟಕ ಗೊತ್ತಿರುತ್ತದೆ. ಇದಕ್ಕೆ ಬೆಲೆ ಕಟ್ಟಲು ಆಗುವುದಿಲ್ಲ.

ಈ ತರಬೇತುದಾರರನ್ನು ಕಳಿಸುವವರು ಯಾರು? ಅಕ್ಕಪಕ್ಕದ ಕೆಲವು ಸಮುದಾಯಗಳು ಸೇರಿ ಕಟ್ಟಿಕೊಂಡ ಟ್ರೈಬಲ್ ಕೌನ್ಸಿಲ್‌ಗಳು ಇವೆ. ಪ್ರಾಂತ್ಯ ಮಟ್ಟದಲ್ಲಿ ಮೂಲನಿವಾಸಿಗಳದ್ದೇ ತಾಂತ್ರಿಕ ಸಂಸ್ಥೆಗಳಿವೆ. ಒಂಟಾರಿಯೋದಲ್ಲಿ 1995ರಲ್ಲಿ ಶುರುವಾದ ಒಂಟಾರಿಯೋ ಫಸ್ಟ್ ನೇಷನ್ಸ್ ಟೆಕ್ನಿಕಲ್ ಸರ್ವಿಸಸ್ ಕಾರ್ಪೊರೇಷನ್ ಅಂಥದ್ದು. ಆಲ್ಬರ್ಟಾದಲ್ಲೂ ಇಂಥ ಸಂಸ್ಥೆ ಇದೆ. ಒಂದೊಂದು ಸಣ್ಣ ಊರೂ ಒಬ್ಬ ಇಂಜಿನಿಯರನ್ನು ಇಟ್ಟುಕೊಳ್ಳಲಾರದು. ಇಪ್ಪತ್ತು ಊರು ಸೇರಿದರೆ ಇಟ್ಟುಕೊಳ್ಳಬಹುದು. ಬಿಡಿಭಾಗಗಳ ಕತೆಯೂ ಹಾಗೇ. ಒಬ್ಬೊಬ್ಬರೂ ಒಂದೊಂದು ಹೆಚ್ಚುವರಿ ಪಂಪ್ ಇಟ್ಟುಕೊಳ್ಳುವ ಬದಲು ಎಲ್ಲರಿಗೂ ಸೇರಿ ಕೆಲವನ್ನು ಇಟ್ಟರೆ ಸಾಕು.

ಇದರ ಮುಂದಿನ ಹೆಜ್ಜೆಯೇ ಹಬ್ ಎಂದು ಕರೆಯುವ ವ್ಯವಸ್ಥೆ. ತರಬೇತಿ ಕೊಟ್ಟು ಹೋಗುವುದರ ಜೊತೆಗೆ, ಮೇಲಿನ ದರ್ಜೆಯ ಪ್ರಮಾಣಪತ್ರ ಇರುವ ಆಪರೇಟರ್‌ಗಳು ಹಬ್‌ನಲ್ಲೇ ಇರುತ್ತಾರೆ. ಊರಿನ ನೀರುಗಂಟಿ ಇನ್ನೂ ಕಲಿಯುತ್ತಿದ್ದರೆ ಘಟಕದ ಒಟ್ಟು ಹೊಣೆಯನ್ನು ಇವರು ಹೊರುತ್ತಾರೆ. ನೀರುಗಂಟಿ ರಜೆ ಹಾಕಿದರೆ ಬದಲಿಗೆ ಬಂದು ನಿಲ್ಲುತ್ತಾರೆ. ಉತ್ತರ ಒಂಟಾರಿಯೋದ ಕೀವೇಟಿನೂಕ್ ಒಕಿಮಾಕಾನಕ್ ಎಂಬ ಕೌನ್ಸಿಲ್ ತನ್ನ ದೂರದ ಊರುಗಳಲ್ಲಿ ಇದನ್ನು ಮಾಡಿ ತೋರಿಸಿತು. ಸ್ಥಳೀಯರಿಗೇ ತರಬೇತಿ ಕೊಟ್ಟು, ಘಟಕಗಳಿಗೆ ಸೆನ್ಸರ್ ಹಾಕಿ, ಕ್ಲೋರಿನ್ ಮತ್ತು ಮಬ್ಬಿನ ಅಂಕಿಗಳು ಇಂಟರ್ನೆಟ್ ಮೂಲಕ ದೂರದ ಕಚೇರಿಯ ಪರದೆಗೂ ಬರುವಂತೆ ಮಾಡಿದರು. ಕ್ಲೋರಿನ್ ಇಳಿಯಿತು ಅಂದರೆ ಅಲ್ಲಿ ಕೂತವರಿಗೂ ತಕ್ಷಣ ಗೊತ್ತಾಗುತ್ತದೆ. ವರ್ಷಗಟ್ಟಲೆ ಇದ್ದ ಎಚ್ಚರಿಕೆಗಳು ಕೆಲವು ಊರುಗಳಲ್ಲಿ ಹೀಗೆ ತೆರವಾದವು. ಊರಿನವರಿಗೇ ಕಲಿಸಿ, ಆಮೇಲೂ ಕೈಬಿಡದೆ ಹಿಂದೆ ನಿಂತದ್ದರ ಫಲ ಇದು.

ಹಳದಿ ಬಣ್ಣ, ನೀಲಿ ಹೊಳಪು

ನೀರು ಶುದ್ಧ ಮಾಡುವವರು ಬೇರೆ, ಪರೀಕ್ಷೆ ಮಾಡುವವರು ಬೇರೆ ಇರಬೇಕು. ವಾಕರ್ಟನ್ ನೋಡಿದ ಮೇಲೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಆದರೆ ಹಿಮಗಾಳಿ ಬೀಸಿ ಮೂರು ದಿನ ವಿಮಾನ ಹಾರದಿದ್ದರೆ ನೀರಿನ ಮಾದರಿ ಲ್ಯಾಬಿಗೆ ಹೋಗುವುದು ಹೇಗೆ? ಬ್ಯಾಕ್ಟೀರಿಯಾ ಪರೀಕ್ಷೆಗೆ ಹಿಡಿದ ನೀರು ಹಳೆಯದಾದರೆ ಪ್ರಯೋಜನವಿಲ್ಲ.

ಇದಕ್ಕಾಗಿ ಊರಲ್ಲೇ ಒಬ್ಬರಿಗೆ ತರಬೇತಿ ಕೊಟ್ಟು ಸಣ್ಣ ಕಿಟ್ ಕೊಟ್ಟಿರುತ್ತಾರೆ. ಅವರು ಕೆಲವು ಮನೆಗಳ ನಲ್ಲಿಯಿಂದ ನೀರು ಹಿಡಿದು, ಪುಡಿ ಬೆರೆಸಿ, ಬೆಚ್ಚಗಿನ ಪೆಟ್ಟಿಗೆಯಲ್ಲಿ ಒಂದು ದಿನ ಇಡುತ್ತಾರೆ. ಮಾರನೆ ದಿನ ನೀರು ಹಾಗೇ ತಿಳಿಯಾಗಿದ್ದರೆ ಸಮಾಧಾನ. ಹಳದಿಯಾಗಿದ್ದರೆ ಕೋಲಿಫಾರ್ಮ್ ಎಂಬ ಗುಂಪಿನ ಬ್ಯಾಕ್ಟೀರಿಯಾ ಇದೆ. ಅಲ್ಟ್ರಾವಯಲೆಟ್ ದೀಪದ ಕೆಳಗೆ ನೀಲಿಯಾಗಿ ಹೊಳೆದರೆ ಇ-ಕೋಲೈ ಇದೆ. ಲ್ಯಾಬಿನ ಉತ್ತರಕ್ಕೆ ಕಾಯದೆ ಅವತ್ತೇ ಊರಿಗೆ ಹೇಳಬಹುದು. ಪರೀಕ್ಷೆ ಮಾಡುವವರು ಅದೇ ಊರಿನವರು, ಎಲ್ಲರಿಗೂ ಗೊತ್ತಿರುವ ಮುಖ. ಅವರು ಹೇಳಿದ ಮಾತಿಗೆ ತೂಕ ಜಾಸ್ತಿ. ಇವರ ಹಿಂದೆಯೂ ಪರಿಸರ ಆರೋಗ್ಯ ಅಧಿಕಾರಿಗಳ ಪ್ರಾದೇಶಿಕ ತಂಡ ಇರುತ್ತದೆ. ಬ್ರಿಟಿಷ್ ಕೊಲಂಬಿಯಾದಲ್ಲಿ 2013ರಿಂದ ಈ ಕೆಲಸ ಕೇಂದ್ರ ಸರ್ಕಾರದ ಕೈಯಿಂದ ಫಸ್ಟ್ ನೇಷನ್ಸ್ ಆರೋಗ್ಯ ಪ್ರಾಧಿಕಾರಕ್ಕೆ ಬಂದಿದೆ.

ನಂಬಿಕೆಯ ಮಾತು ಬಂತು, ಅದನ್ನು ಸುಮ್ನೆ ದಾಟಿ ಹೋಗಲಾರೆ. ಇಪ್ಪತ್ತು ವರ್ಷ ನಲ್ಲಿ ನೀರು ಕುಡಿಯಬೇಡಿ ಅಂತ ಕೇಳಿ ಬೆಳೆದವರಿಗೆ ಒಂದು ಬೆಳಿಗ್ಗೆ ಬಂದು "ಇವತ್ತಿಂದ ಕುಡಿಯಬಹುದು" ಅಂದರೆ ಯಾರು ಕುಡಿಯುತ್ತಾರೆ? ಅಮ್ಮನಿಗೆ ವಿನಿಪೆಗ್ ನೀರನ್ನು ನಂಬಲು ಎರಡು ವಾರ ಬೇಕಾಯಿತು. ಅವರಿಗೆ ಯಾವ ಕಹಿ ಅನುಭವವೂ ಇರಲಿಲ್ಲ.

ಊರುಗಳೇ ಕಟ್ಟಿಕೊಂಡ ಜಲಮಂಡಳಿ

ದೇಶದ ಪೂರ್ವ ತೀರದಲ್ಲಿ ಮಿಗ್ಮಾ ಮತ್ತು ವೊಲಾಸ್ಟೊಕೆ ಸಮುದಾಯಗಳು ಇನ್ನೂ ದೂರ ಹೋಗಿವೆ. ಬೆಂಬಲ ಕೊಡುವ ಸಂಸ್ಥೆ ಸಾಲದು, ನೀರಿನ ಪೂರ್ತಿ ಹೊಣೆ ನಮಗೇ ಇರಲಿ ಎಂದು ಅಟ್ಲಾಂಟಿಕ್ ಫಸ್ಟ್ ನೇಷನ್ಸ್ ವಾಟರ್ ಅಥಾರಿಟಿ ಎಂಬ ಜಲಮಂಡಳಿ ಕಟ್ಟಿಕೊಂಡವು. ಕೆನಡಾದಲ್ಲಿ ಮೂಲನಿವಾಸಿಗಳದ್ದೇ ಆದ ಮೊದಲ ನೀರು ಸಂಸ್ಥೆ ಇದು. 2018ರಲ್ಲಿ ನೋಂದಣಿಯಾಯಿತು. 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ನೀರು ಮತ್ತು ಒಳಚರಂಡಿಯ ಹೊಣೆಯನ್ನು ಇದಕ್ಕೆ ವರ್ಗಾಯಿಸುವ ಒಪ್ಪಂದಕ್ಕೆ ಸಹಿ ಹಾಕಿತು.

ಸೇರುವುದು ಬಿಡುವುದು ಆಯಾ ಸಮುದಾಯದ ಇಷ್ಟ. ಸೇರಿದ ಊರಿನ ನೀರುಗಂಟಿ ಈಗ ದೊಡ್ಡ ಸಂಸ್ಥೆಯ ನೌಕರ. ಕೇಳಲು ಸಹೋದ್ಯೋಗಿಗಳಿದ್ದಾರೆ, ರಜೆ ಹಾಕಿದರೆ ಬದಲಿ ಇದ್ದಾರೆ. ವರ್ಷ ವರ್ಷ ಕೈ ಚಾಚುವ ಬದಲು ಹತ್ತು ವರ್ಷದ ಯೋಜನೆ ಹಾಕಬಹುದು. ಯಾವ ಪೈಪ್ ಯಾವಾಗ ಬದಲಿಸಬೇಕೆಂದು ಮೊದಲೇ ಲೆಕ್ಕ ಇಡಬಹುದು. ನನಗೆ ಅದಕ್ಕಿಂತ ಮನಸ್ಸಿಗೆ ಹಿಡಿದದ್ದು, ಅಲ್ಲಿ ಇಂಜಿನಿಯರ್‌ಗಳ ಜೊತೆ ಹಿರಿಯರ ಸಲಹಾ ಮಂಡಳಿಯೂ ಇದೆ ಎಂಬುದು. ಮಿಗ್ಮಾ ಭಾಷೆಯಲ್ಲಿ ಎಟುಆಪ್ಟ್‌ಮುಮ್ಕ್ ಎಂಬ ಮಾತಿದೆ. ಒಂದು ಕಣ್ಣಿಂದ ತಮ್ಮ ಪರಂಪರೆಯ ಅರಿವು, ಇನ್ನೊಂದು ಕಣ್ಣಿಂದ ಪಶ್ಚಿಮದ ವಿಜ್ಞಾನ, ಎರಡೂ ಕಣ್ಣಿಂದ ಒಟ್ಟಿಗೆ ನೋಡುವುದು ಎಂದರ್ಥ. ಈ ಮಾತನ್ನು ಎಲ್ಲರಿಗೂ ತಲುಪಿಸಿದವರಲ್ಲಿ ಹಿರಿಯರಾದ ಆಲ್ಬರ್ಟ್ ಮಾರ್ಷಲ್ ಮುಖ್ಯರು. ನೀರು ಈ ಜನರಿಗೆ ಜೀವವಿರುವ ನೆಂಟ. ಅನಿಶಿನಾಬೆ ಹಿರಿಯರಾದ ಜೋಸೆಫಿನ್ ಮಂಡಾಮಿನ್ 2003ರಲ್ಲಿ ತಾಮ್ರದ ಕೊಡದಲ್ಲಿ ನೀರು ಹಿಡಿದು ಮಹಾಸರೋವರಗಳ ದಂಡೆಯುದ್ದಕ್ಕೂ ನಡೆಯಲು ಶುರುಮಾಡಿದ್ದೂ ಇದೇ ಭಾವದಿಂದ. ಗಂಗೆಪೂಜೆ ಮಾಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬೆಂಬಲದ ಕೈ ತಲುಪದ ಜಾಗ

ಪ್ರಾದೇಶಿಕ ಬೆಂಬಲದಿಂದ ಎಲ್ಲ ಸರಿಹೋಗುತ್ತದೆ ಎಂದು ಹೇಳಿದರೆ ನೆಸ್ಕಾಂಟಾಗಾದ ಜನಕ್ಕೆ ಮೋಸ ಮಾಡಿದ ಹಾಗೆ. ಥಂಡರ್ ಬೇ ಪಟ್ಟಣದಿಂದ 400 ಕಿಲೋಮೀಟರ್‌ಗೂ ದೂರ ಉತ್ತರಕ್ಕಿರುವ ಈ ಊರಿಗೆ ವಿಮಾನವೇ ದಾರಿ. ಅಲ್ಲಿ ಕುದಿಸಿ ಕುಡಿಯುವ ಎಚ್ಚರಿಕೆ ಜಾರಿಯಾದದ್ದು 1995ರ ಫೆಬ್ರವರಿ 1ರಂದು. 2020ರ ಅಕ್ಟೋಬರ್‌ನಲ್ಲಿ ನೀರಿನ ತೊಟ್ಟಿಯಲ್ಲಿ ಎಣ್ಣೆಯ ಪದರ ಕಾಣಿಸಿತು. ನಲ್ಲಿ ನಿಲ್ಲಿಸಬೇಕಾಯಿತು. ಜನ ಊರು ಬಿಟ್ಟು ಥಂಡರ್ ಬೇಯ ಹೋಟೆಲ್ ಕೋಣೆಗಳಲ್ಲಿ ಸುಮಾರು ಎರಡು ತಿಂಗಳು ಇದ್ದರು. ಕೊರೊನಾ ಕಾಲ ಬೇರೆ.

ಘಟಕವನ್ನು ದೊಡ್ಡದು ಮಾಡಿ ಹೊಸ ಯಂತ್ರ ಹಾಕಿದರು. ಆದರೂ ಎಚ್ಚರಿಕೆ ಹೋಗಲಿಲ್ಲ. ಮನೆಗಳಿಗೆ ಹೋಗುವ ಕೊಳವೆಗಳು ಹಳೆಯವು, ಸೋರುತ್ತವೆ. ಘಟಕದಿಂದ ಎಷ್ಟೇ ಒಳ್ಳೆಯ ನೀರು ಹೊರಟರೂ ದಾರಿಯಲ್ಲಿ ಕೆಡಬಹುದು. ನೀರುಗಂಟಿ ಎಷ್ಟು ಕಲಿತರೂ, ಸರ್ಕ್ಯೂಟ್ ರೈಡರ್ ಎಷ್ಟು ಸಲ ಬಂದರೂ ನೆಲದಡಿಯ ಪೈಪನ್ನು ಅವರು ಬದಲಿಸಲಾರರು. ಅದಕ್ಕೆ ದುಡ್ಡು ಬೇಕು, ಕಾನೂನು ಬೇಕು.

ದುಡ್ಡಿಗಾಗಿ ನೆಸ್ಕಾಂಟಾಗಾ, ಕರ್ವ್ ಲೇಕ್, ಟಟಾಸ್ಕ್ವೇಯಾಕ್ ಸಮುದಾಯಗಳು ಕೋರ್ಟಿಗೆ ಹೋದವು. 2021ರಲ್ಲಿ 800 ಕೋಟಿ ಡಾಲರಿನ ಒಪ್ಪಂದವಾಯಿತು. ಅದರಲ್ಲಿ ಕನಿಷ್ಠ 600 ಕೋಟಿಯನ್ನು ನೀರಿನ ವ್ಯವಸ್ಥೆಗೇ ಖರ್ಚು ಮಾಡುತ್ತೇವೆ ಎಂದು ಸರ್ಕಾರ ಒಪ್ಪಿಕೊಂಡಿತು. ಕಾನೂನಿಗಾಗಿ 2023ರ ಡಿಸೆಂಬರ್‌ನಲ್ಲಿ ಹೊಸ ಮಸೂದೆಯನ್ನು ಸಂಸತ್ತಿನಲ್ಲಿ ಮಂಡಿಸಿದರು. 2025ರ ಜನವರಿಯಲ್ಲಿ ಅಧಿವೇಶನವನ್ನೇ ಮುಗಿಸಿದ್ದರಿಂದ ಅದು ಅಲ್ಲೇ ಬಿದ್ದುಹೋಯಿತು.

ಅದರ ಮುಂದಿನ ತಿಂಗಳು, ಫೆಬ್ರವರಿ 1ಕ್ಕೆ, ನೆಸ್ಕಾಂಟಾಗಾದ ಎಚ್ಚರಿಕೆಗೆ 30 ವರ್ಷ ತುಂಬಿತು. ಎಚ್ಚರಿಕೆ ಜಾರಿಯಾದ ವರ್ಷ ಅಲ್ಲಿ ಹುಟ್ಟಿದ ಮಕ್ಕಳು ಈಗ ತಮ್ಮ ಮಕ್ಕಳಿಗೆ ಹಾಲು ಕಲಸಲು ಬಾಟಲಿ ನೀರಿನ ಮುಚ್ಚಳ ತೆಗೆಯುವ ವಯಸ್ಸಿನವರು.